ಕೈ ಆಡಿದರೆ ನಡೆಯುವ ಗಡಿಯಾರ

ಜನವರಿ 19, ರವಿವಾರ

ನಮ್ಮ ಯಜಮಾನರನ್ನು ಕೊಪ್ಪಳದ ಆಸ್ಪತ್ರೆಯಿಂದ ಗಂಗಾವತಿಯ ಮನೆಗೆ ಕರೆತಂದೆವು. ಲಕ್ವ ಹೊಡೆದ ಮೇಲೆ ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ. ಎಡಗಾಲು ಎಳೆಯುತ್ತದೆ, ಆದರೆ ಊರಿಕೊಳ್ಳುತ್ತದೆ. ಎಡಗೈ ಮಾತ್ರ ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತದೆ.

ಗುಳಿಗೆ, ಬಿ.ಪಿ. ಬರೆದಿಡಲು ಆಸ್ಪತ್ರೆಯವರು ಬೇರೆ ಹಾಳೆ ಕೊಟ್ಟಿದ್ದಾರೆ. ಅದನ್ನು ಸೊಸೆ ಸುನಿತಾ ಬರೆಯುತ್ತಾಳೆ. ಈ ಡೈರಿ ನನ್ನದು, ನನಗಾಗಿ. ನಾನು ಯಲಬುರ್ಗಾದಲ್ಲಿ ಮೆಟ್ರಿಕ್ ಮುಗಿಸಿದವಳು. ಈ ಮನೆಯಲ್ಲಿ ನನ್ನನ್ನು ಕೇಳದೆ ಒಂದು ಪಾತ್ರೆಯೂ ಜಾಗ ಬದಲಿಸುವುದಿಲ್ಲ. ಇವರ ಕೈಯೂ ನಾನು ಹೇಳಿದಂತೆ ಕೇಳಬೇಕು. ಯುಗಾದಿಗೆ ಈ ಕೈಯಿಂದಲೇ ಬೇವು ಬೆಲ್ಲ ಹಂಚಬೇಕು ಎಂದು ಎಲ್ಲರೆದುರು ಹೇಳಿದ್ದೇನೆ.

ಹಾಸಿಗೆಯ ಮೇಲೆ ಕೂರಿಸಿದ ಕೂಡಲೇ ಇವರು ಕೇಳಿದ್ದು ನೀರನ್ನಲ್ಲ.

"ನನ್ನ ಗಡಿಯಾರ ಎಲ್ಲೈತಿ?"

ಮಗ ವಿರುಪಾಕ್ಷಿ ಪ್ಲಾಸ್ಟಿಕ್ ಚೀಲದಿಂದ ತೆಗೆದು ಎಡಗೈಗೆ ಕಟ್ಟಿದ. ನಿಂತುಹೋಗಿತ್ತು.

"ಸೆಲ್ ಖಾಲಿ ಆಗಿರಬೇಕು. ನಾಳೆ ಹೊಸಾದು ಹಾಕಸ್ತೀನಿ," ಎಂದೆ.

ಇವರು ಬಾಯಿಯ ಒಂದೇ ಬದಿಯಿಂದ ನಕ್ಕರು. "ಸೆಲ್ ಇದ್ರಲ್ಲ ಹಾಕಸೂದು. ಇದಕ್ಕ ಸೆಲ್ಲೂ ಇಲ್ಲ, ಚಾವೀನೂ ಇಲ್ಲ."

"ಮತ್ತ ಇಷ್ಟು ವರ್ಷ ಹೆಂಗ ನಡೀತು?"

"ನನ್ನ ಕೈಯಿಂದ. ಕೈ ಆಡಿದ್ರ ಅದು ನಡೀತೈತಿ. ಈಗ ನೋಡು, ನಿಂತೈತಿ."

ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿದರು. ಇಷ್ಟು ವರ್ಷ ಜೊತೆಗಿದ್ದು ಈ ಸಂಗತಿ ನನಗೆ ಹೇಳದೆ ಉಳಿಸಿಕೊಂಡಿದ್ದಾರೆ. ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಇನ್ನೇನೋ ಇತ್ತು. ಕೈ ಆಡಿದರೆ ನಡೆಯುವ ಗಡಿಯಾರ! ಇದೆಂಥ ಮಾತು?

ಜನವರಿ 21, ಮಂಗಳವಾರ

ಕೈಗೆ ವ್ಯಾಯಾಮ ಮಾಡಿಸುವ ಪ್ರವೀಣಕುಮಾರ ಬೈಕಿನ ಮೇಲೆ ಬಂದ. ಕುಷ್ಟಗಿಯ ಹುಡುಗ. ಒಂದು ರಬ್ಬರ್ ಚೆಂಡನ್ನು ಇವರ ಅಂಗೈಯಲ್ಲಿಟ್ಟು, "ಒತ್ರಿ ಕಾಕಾ," ಎಂದ.

"ತಮ್ಮಾ, ಚೆಂಡಾಟ ಆಡೂ ವಯಸ್ಸು ನಂದು ಮುಗದೈತಿ."

"ಆಟಲ್ರಿ. ಈ ಎರಡು ಮೂರು ತಿಂಗಳು ಕೈ ಹೇಳಿದ ಮಾತು ಕೇಳತೈತ್ರಿ. ಆಮ್ಯಾಲೆ ಕೇಳಂಗಿಲ್ಲ."

"ಗಡಿಯಾರ ಆಗ್ಲೇ ಹೇಳೇತಿ. ಅದು ನಿಮ್ಮ ಡಾಕ್ಟರಗಿಂತ ಖರೇ ಹೇಳತೈತಿ."

ಚೆಂಡು ಉರುಳಿ ಮಂಚದ ಕೆಳಗೆ ಹೋಯಿತು. ನಾನು ಗದರಿದೆ. ಕಾಲುವೆಯ ಎಲ್ಲ ಗೇಟುಗಳಿಗೆ ಹುಕುಂ ಮಾಡಿದವರು ಒಂದು ಚೆಂಡಿಗೆ ಹೆದರುತ್ತೀರಲ್ಲ ಎಂದೆ. ಇವರು ಎಡದಂಡೆ ಕಾಲುವೆಯ ಗೇಟುಗಳನ್ನು ಎತ್ತುವ, ಇಳಿಸುವ ನೌಕರಿಯಲ್ಲಿದ್ದವರು. ಕಬ್ಬಿಣದ ಚಕ್ರ ತಿರುವಿ ತಿರುವಿ ಇವರ ತೋಳು ಬೇವಿನ ಬೊಡ್ಡೆಯಂತಿತ್ತು. ನನ್ನ ಗದರಿಕೆಗೆ ಕಣ್ಣೂ ತೆರೆಯಲಿಲ್ಲ.

ಹೊರಗೆ ಬಂದು ಪ್ರವೀಣಕುಮಾರ ಮೆಲ್ಲಗೆ ಹೇಳಿದ. "ಅಮ್ಮಾರ, ಅವರಿಗೆ ನಂಬಿಕಿ ಬರದಿದ್ರ ನಾ ಬಂದು ಉಪಯೋಗಿಲ್ರಿ. ಮುಷ್ಟಿ ಹಂಗ ಬಿಗಿದು ಕುಂದ್ರತೈತಿ. ಒಮ್ಮೆ ಕುಂತ್ರ ಮುಗೀತು."

ಇವರು ಮಲಗಿದಾಗ ಗಡಿಯಾರ ಬಿಚ್ಚಿ, ಪಕ್ಕದ ಗುಂಡಿಯನ್ನು ಬೆರಳು ನೋಯುವವರೆಗೆ ತಿರುವಿದೆ. ಮುಳ್ಳುಗಳು ಗಿರಗಿರ ಸುತ್ತಿ, ವಾರ ತೋರಿಸುವ ಕಿಂಡಿಯಲ್ಲಿ ಮಂಗಳವಾರ ಹೋಗಿ ಬುಧವಾರ ಬಂತು, ಅದೂ ಹೋಯಿತು. ಬಿಟ್ಟ ಕೂಡಲೇ ಎಲ್ಲ ನಿಂತಿತು. ಹೊರಗಿನಿಂದ ತಿರುವಿದರೆ ಒಳಗೆ ಜೀವ ಬರುವುದಿಲ್ಲ.

ಜನವರಿ 24, ಶುಕ್ರವಾರ

ಬೆಲ್ಟು ಹೊಲಿಸಬೇಕು ಎಂದು ಇವರಿಗೆ ಹೇಳಿ ಗಡಿಯಾರ ತೆಗೆದುಕೊಂಡು ಪೇಟೆಗೆ ಹೋದೆ. ತಂದೆಯ ನಂತರ ಈಗ ಮುಬಾಶಿರಾ ಎಂಬುವಳು ಗಡಿಯಾರದ ಅಂಗಡಿ ನಡೆಸುತ್ತಾಳೆ. ಬಾಯಿ ಜೋರು. ಚೀಟಿ ಬರೆಯುತ್ತ ಕೇಳಿದಳು.

"ಯಾರ ಹೆಸರಿಗೆ ಬರೀಲ್ರಿ ಅಮ್ಮಾ?"

"ನಮ್ಮ ಮನಿಯವರದು."

"ಮನಿಯವರು ಅಂತ ಬರದ್ರ ಗಂಗಾವತಿ ಗಂಡಸರೆಲ್ಲಾ ಬಂದು ನಂದು ನಂದು ಅಂತಾರ್ರಿ."

ಗಂಡನ ಹೆಸರು ನನ್ನ ಬಾಯಿಂದ ಇದುವರೆಗೆ ಬಂದಿಲ್ಲ, ಒಂದು ಚೀಟಿಗಾಗಿ ಬರುವುದೂ ಇಲ್ಲ. "ನಿನ್ನ ಹೆಸರ ಬರಕೋ," ಎಂದೆ.

"ಆತು. ಮುಬಾಶಿರಾನ ಮನಿಯವರು ಅಂತ ಬರೀತೀನಿ. ನನ್ನ ಗಂಡಗ ತಿಳದ್ರ ನಿಮ್ಮ ಮನಿಗೆ ಬಂದು ಜಗಳಾ ತಗದಾನು!"

ನನಗೂ ನಗು ಬಂತು. ತೋರಿಸಲಿಲ್ಲ.

ಬೆನ್ನಿನ ಮುಚ್ಚಳ ತಿರುಗಿಸಿ ತೆಗೆದಳು. ಕಣ್ಣಿಗೆ ಹಚ್ಚುವ ಮಸೂರವನ್ನು ನನಗೆ ಕೊಟ್ಟಳು. ಒಳಗೆ ಅರ್ಧಚಂದ್ರದಂಥ ಒಂದು ತಗಡು. ಅವಳು ಗಡಿಯಾರವನ್ನು ಸ್ವಲ್ಪ ವಾಲಿಸಿದರೆ ಸಾಕು, ಅದು ಭಾರ ಇರುವ ಕಡೆಗೆ ಜಾರಿ ಒಂದು ಸುತ್ತು ಬರುತ್ತದೆ. ಅದು ಸುತ್ತಿದಾಗ ಅದರಡಿಯ ಸಣ್ಣ ಚಕ್ರ, ಆ ಚಕ್ರದಿಂದ ಇನ್ನೊಂದು. ಕೊನೆಗೆ ಒಂದು ಡಬ್ಬಿ. ಆ ಡಬ್ಬಿಯೊಳಗೆ ಉಕ್ಕಿನ ಪಟ್ಟಿ ಸುರುಳಿಯಾಗಿ ಬಿಗಿಯುತ್ತದಂತೆ.

"ಕೈ ಎತ್ತಿದ್ರಿ, ಇಳಿಸಿದ್ರಿ, ಹೊಳ್ಳಿದ್ರಿ, ಅಷ್ಟೂ ಈ ಡಬ್ಬಿಯೊಳಗ ಕುಂದ್ರತೈತ್ರಿ," ಎಂದಳು. "ಹಗಲೆಲ್ಲಾ ದುಡದ ಕೈಯಿಂದ ಬಿಚ್ಚಿಟ್ರೂ ಎರಡು ರಾತ್ರಿ, ನಡುವಿನ ಒಂದು ಹಗಲು ನಡೀತೈತಿ. ಹೊಟ್ಟಿ ತುಂಬಿದ ಮ್ಯಾಲೆ ಎಷ್ಟು ಆಡ್ಸಿದ್ರೂ ಹರಿಯಂಗಿಲ್ಲ, ಸುರುಳಿ ತಾನ ಜಾರತೈತಿ. ಮತ್ತ ಒಂದೀಟು ಅಲುಗಾಡ್ಸಿದ್ರ ಒಂದೀಟೇ ನಡೀತೈತಿ. ಗಡಿಯಾರ ಕೆಟ್ಟಿಲ್ಲ ಅಮ್ಮಾ. ಉಪಾಸ ಐತಿ."

ಮಸೂರ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ನಮ್ಮ ತಲೆದಿಂಬಿನ ಹತ್ತಿರ ಟಿಕ್ ಟಿಕ್ ಎನ್ನುತ್ತಿದ್ದುದನ್ನು ನಾನು ಯಂತ್ರ ಎಂದುಕೊಂಡಿದ್ದೆ. ಇವರು ನಿದ್ದೆಯಲ್ಲಿದ್ದರೂ ಹಗಲು ಗೇಟಿನ ಚಕ್ರ ತಿರುವಿದ ಇವರ ಕೈ ನಮ್ಮ ಪಕ್ಕದಲ್ಲಿ ನಡೆಯುತ್ತಲೇ ಇತ್ತು. ದೇವರ ಮನೆಯಲ್ಲಿ ನಿಂತ ಹಾಗೆ ಅಂಗಡಿಯಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ, "ಸರೀರಿ ಬೇ, ನಂದೂ ಐತಿ," ಎಂದರು.

ಬರುವಾಗ ದಾರಿಯಲ್ಲೇ ನಿರ್ಧರಿಸಿದೆ. ಇವರು ಗಡಿಯಾರದ ಮಾತನ್ನಷ್ಟೇ ನಂಬುವುದಾದರೆ ಗಡಿಯಾರ ಮಾತಾಡಲೇಬೇಕು.

ಜನವರಿ 26, ರವಿವಾರ

ನಿನ್ನೆ ಬೆಳಿಗ್ಗೆ ಗಡಿಯಾರವನ್ನು ವಿರುಪಾಕ್ಷಿಯ ಕೈಗೆ ಕಟ್ಟಿ ಕಳಿಸಿದೆ. ಏಕೆಂದು ಹೇಳಲಿಲ್ಲ. ಅವನು ಅಕ್ಕಿ ಗಿರಣಿಯಲ್ಲಿ ತೂಕದ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂರುವವನು. ಸಂಜೆ ತಂದುಕೊಟ್ಟ. ಊಟ ಬಡಿಸುವಷ್ಟರಲ್ಲಿ ನಿಂತಿತು. ನನ್ನ ಮಗನ ಕೈ ಇಡೀ ದಿನ ಏನು ಮಾಡುತ್ತದೆ ಎಂಬುದು ತಿಳಿಯಿತು.

ಇವತ್ತು ನಾನೇ ಕಟ್ಟಿಕೊಂಡೆ. ಈ ಮನೆ ನಡೆಸುವವಳು ನಾನು. ಬೆಳಗಿನಿಂದ ಪಡಸಾಲೆಯ ಮಂಚದ ಮೇಲೆ ಕೂತು ಹಾಲಿನವನಿಗೆ ಹೇಳಿದ್ದು ನಾನು, ಕಸದವಳಿಗೆ ಹೇಳಿದ್ದು ನಾನು, ಸುನಿತಾಳಿಗೆ ಅಡುಗೆ ಹೇಳಿದ್ದು ನಾನು. ಬಂದವರಿಗೆಲ್ಲ ಉತ್ತರ ಕೊಟ್ಟದ್ದೂ ನಾನೇ. ಗಡಿಯಾರ ವಿರುಪಾಕ್ಷಿಯ ಕೈಯಲ್ಲಿ ನಡೆದಷ್ಟೂ ನಡೆಯಲಿಲ್ಲ.

ಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡೆ. ಒಳಗೆ ಸುನಿತಾ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು.

ಜನವರಿ 28, ಮಂಗಳವಾರ

ಬೆಳಿಗ್ಗೆ ಅಡುಗೆಮನೆಗೆ ಹೋಗಿ, "ಏಳು, ರೊಟ್ಟಿ ನಾ ಬಡೀತೀನಿ," ಎಂದೆ.

ಸುನಿತಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಮುಖ ಸಣ್ಣದಾಯಿತು. "ಯಾಕ್ರಿ ಅತ್ತಿ, ನನ್ನ ರೊಟ್ಟಿ ಛಲೋ ಆಗವಲ್ಲವೇನ್ರಿ?"

"ನಿನ್ನ ರೊಟ್ಟಿ ಗಂಗಾವತಿ ರೊಟ್ಟಿ. ಅನ್ನ ಉಂಡವರು ಬಡದ ರೊಟ್ಟಿ. ಯಲಬುರ್ಗಾದ್ದು ಹೆಂಗಿರತೈತಿ ನೋಡು."

ಸೊಸೆ ಬಂದ ಮೇಲೆ ರೊಟ್ಟಿ ಬಡಿಯುವ ಕಲ್ಲಿನ ಮುಂದೆ ಕೂತವಳಲ್ಲ ನಾನು. ಗಡಿಯಾರವನ್ನು ಬಲಗೈಗೆ ಕಟ್ಟಬೇಕು, ಬಡಿಯುವುದು ಆ ಕೈ. ಆದರೆ ಅಲ್ಲಿ ಹಸಿರು ಬಳೆಗಳಿವೆ, ಇವರು ಹೀಗೆ ಮಲಗಿರುವಾಗ ಬಳೆ ಕಳಚುವ ಮಾತೇ ಇಲ್ಲ. ಬಳೆಗಳನ್ನು ಮೊಣಕೈ ಕಡೆ ಸರಿಸಿ, ಹಳೆ ಸೀರೆಯ ಚೂರಿನಿಂದ ಬಿಗಿದು, ಗಡಿಯಾರ ಕಟ್ಟಿ, ಅದರ ಮೇಲೆ ಇನ್ನೊಂದು ಚೂರು ಸುತ್ತಿದೆ. ಸುನಿತಾ ನೋಡಿದಳು, ಕೇಳಲಿಲ್ಲ.

ಮೊದಲ ರೊಟ್ಟಿ ಹರಿಯಿತು. ಎರಡನೆಯದು ಪಾಕಿಸ್ತಾನದ ನಕ್ಷೆಯಾಯಿತು. ಭುಜದಲ್ಲಿ ಬೆಂಕಿ. ಆಮೇಲೆ ಕೈಗೆ ನೆನಪು ಬಂತು, ನನಗಿಂತ ಮೊದಲು. ಟಪ್ ಟಪ್ ಟಪ್. ಪ್ರತಿ ಪೆಟ್ಟಿಗೂ ಬಟ್ಟೆಯೊಳಗೆ ಆ ಅರ್ಧಚಂದ್ರ ಸುತ್ತುವುದು ಚರ್ಮಕ್ಕೆ ತಿಳಿಯುತ್ತಿತ್ತು.

ಇವರಿಗೆ ಊಟವಾಗಿ ಕಣ್ಣು ಹತ್ತಿದಾಗ ಎಡಗೈಗೆ ಕಟ್ಟಿದೆ. ಎದ್ದರು. ಮೊದಲು ಏನೂ ಇಲ್ಲ. ಆಮೇಲೆ ತಲೆ ಹೊರಳಿಸಿದರು. ಗಡಿಯಾರ ನೋಡಿದರು. ಬಲಗೈಯಿಂದ ಎಡಗೈ ಎತ್ತಿ ಕಿವಿಗೆ ಹಿಡಿದರು.

"ಏನ್ರಿ?" ಎಂದೆ, ಏನೂ ತಿಳಿಯದವಳ ಹಾಗೆ.

"ನಡಿಯಾಕತ್ತೇತಿ."

"ನಡೀದ ಏನ್ ಮಾಡತೈತಿ? ನಿದ್ದಿಯಾಗ ಕೈ ಆಡಿಸಿರಬೇಕು ನೀವು."

ಗಡಿಯಾರವನ್ನು ಮತ್ತೆ ಕಿವಿಗೆ ಹಿಡಿದರು. ನಾನು ಹೊರಗೆ ಬಂದು ತುಳಸಿ ಕಟ್ಟೆಯ ಹತ್ತಿರ ಕೂತೆ. ಬೆಳಿಗ್ಗೆ ನಾನು ಬಡಿದದ್ದು ಈಗ ಇವರ ನಾಡಿಯ ಮೇಲೆ ನಡೆಯುತ್ತಿದೆ. ನನ್ನ ಕೈಯಿಂದ ಇವರ ಕೈಗೆ ಇಂಥದ್ದೊಂದು ದಾಟಬಹುದು ಎಂದು ಯಾರು ತಿಳಿದಿದ್ದರು?

ಫೆಬ್ರವರಿ 4, ಮಂಗಳವಾರ

ಪ್ರವೀಣಕುಮಾರ ಬಂದಾಗ ಇವರೇ ಕೇಳಿದರು. "ಚೆಂಡು ತಂದಿಯೇನು?"

ಬೆರಳು ಒಂದೂ ಮಡಚಲಿಲ್ಲ. ಆದರೆ ಹಣೆಯಲ್ಲಿ ಬೆವರು ಬಂತು. ಪ್ರವೀಣಕುಮಾರ, "ಬೆವರು ಬಂದ್ರ ಅರ್ಧ ಕೆಲಸ ಆತ್ರಿ," ಎಂದ.

ದಿನದ ಪದ್ಧತಿ ಹೀಗೆ. ಬೆಳಿಗ್ಗೆ ಎಣ್ಣೆ ನೀವುವಾಗ ಗಡಿಯಾರ ನನ್ನ ವಶಕ್ಕೆ. ರೊಟ್ಟಿ. ಮಧ್ಯಾಹ್ನ ಇವರ ಕೈಗೆ. ಮನೆಯವರು ಇಷ್ಟು ರೊಟ್ಟಿ ತಿನ್ನಲಾರರು. ಖಡಕ್ ಮಾಡಿ ಬುಟ್ಟಿ ತುಂಬಿಸಿದ್ದೇನೆ. ಪಕ್ಕದ ಬಾನುಬೀಗೆ ಕೊಟ್ಟು ಕಳಿಸಿದರೆ, "ಏನವ್ವಾ, ನಿಮ್ಮ ಮನ್ಯಾಗ ಮದವಿ ಐತೇನು?" ಎಂದು ಕೇಳಿ ಕಳಿಸಿದ್ದಾಳೆ.

ಫೆಬ್ರವರಿ 9, ರವಿವಾರ

ಭುಜ ನೋವು. ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಗಡಿಯಾರ ನಡೆಯುತ್ತಿದೆ.

ಫೆಬ್ರವರಿ 13, ಗುರುವಾರ

ಇವತ್ತು ಏಳಲು ಆಗಲಿಲ್ಲ. ಬೆಳಕು ಹರಿದ ಮೇಲೆ ಅಡುಗೆಮನೆಯಿಂದ ಟಪ್ ಟಪ್ ಕೇಳಿ ಹೋಗಿ ನೋಡಿದೆ. ಸುನಿತಾ ಬಡಿಯುತ್ತಿದ್ದಾಳೆ. ಬಲಗೈಯ ಬಳೆ ಮೇಲೆ ಸರಿಸಿ, ಸೀರೆಯ ಚೂರು ಸುತ್ತಿಕೊಂಡಿದ್ದಾಳೆ. ಒಳಗೆ ಗಡಿಯಾರ.

"ಯಾರು ಹೇಳಿದ್ರು ನಿನಗ?"

"ಯಾರು ಹೇಳಬೇಕ್ರಿ? ನೀವು ಕೂಸಿನ ತಲಿಗೆ ಕಟ್ಟಿದಂಗ ಗಡಿಯಾರಕ್ಕ ಕುಂಚಿಗಿ ಕಟ್ಟಿ ರೊಟ್ಟಿ ಬಡದ್ರ ಸೊಸಿ ಕುರುಡಿ ಏನ್ರಿ?" ತಲೆ ಎತ್ತದೆ ಹೇಳಿದಳು. "ನಾಕು ನೀವು ಬಡೀರಿ, ಉಳದದ್ದು ನಾ ಬಡೀತೀನಿ. ಮಾವಾರಿಗೆ ಹೇಳಂಗಿಲ್ಲ, ಆಣಿ."

ಇವಳು ಬಡಿಯುವಾಗ ಸುಮ್ಮನೆ ನೋಡಿದೆ. ಎಡಗೈ ತಿರುಗಿಸುತ್ತದೆ, ಬಲಗೈ ಬೀಳುತ್ತದೆ, ಒಂದು ಪೆಟ್ಟೂ ವ್ಯರ್ಥವಿಲ್ಲ. ಈ ಕೈಗೆ ಈ ಗಡಿಯಾರ ಯಾವಾಗಲೋ ಕಟ್ಟಿದ್ದರೆ ಎಂದೂ ನಿಲ್ಲುತ್ತಿರಲಿಲ್ಲ. ರೊಟ್ಟಿ ತೆಳ್ಳಗಿತ್ತು, ಬೆಳ್ಳಗಿತ್ತು. ಯಲಬುರ್ಗಾದಲ್ಲೂ ಕಡಿಮೆ ಜನ ಹಾಗೆ ಬಡಿಯುತ್ತಾರೆ. ಅವಳಿಗೆ ಹೇಳಲಿಲ್ಲ. ಮೊದಲ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಅವಳ ಮುಂದೆಯೇ ಇಟ್ಟೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ. ರೊಟ್ಟಿ ಇಲ್ಲ. ಆದರೂ ನಿನ್ನೆಯದು ಉಳಿದಿದೆ, ಗಡಿಯಾರ ನಾಳೆಯವರೆಗೆ ಬರುತ್ತದೆ. ನಾವು ಮೂವರೂ ಉಪವಾಸ, ಅದೊಂದು ಉಂಡು ಕೂತಿದೆ ಎಂದೆ. ಸುನಿತಾ ಬಿದ್ದು ಬಿದ್ದು ನಕ್ಕಳು. ಇವರು ಒಳಗಿನಿಂದ, "ಅತ್ತಿ ಸೊಸಿ ಏನು ನಗತೀರಿ?" ಎಂದು ಕೂಗಿದರು. ತೊದಲು ಕಡಿಮೆಯಾಗಿದೆ.

ಚೆಂಡು ಒತ್ತಲು ಇನ್ನೂ ಆಗುವುದಿಲ್ಲ. ಎಣ್ಣೆ ನೀವುವ ಕೆಲಸ ವಿರುಪಾಕ್ಷಿಯದಾಗಿತ್ತು. ಈಗ ಕೆಲವು ದಿನಗಳಿಂದ ನಾನೇ ಮಾಡುತ್ತಿದ್ದೇನೆ. ಅವನು ಗಡಿಬಿಡಿ ಮಾಡುತ್ತಾನೆ.

ಮಾರ್ಚ್ 4, ಮಂಗಳವಾರ

ಯಲಬುರ್ಗಾದಿಂದ ಫೋನು. ನನ್ನ ಅಕ್ಕ ಭೀಮಕ್ಕ ಹೋದಳು. ಈಗಲೇ ಹೊರಡಬೇಕು. ಮೂರನೆಯ ದಿನದ ಕಾರ್ಯ ಮುಗಿಯದೆ ಬರಲಾಗದು.

ಗಡಿಯಾರವನ್ನು ಸುನಿತಾಳ ಕೈಗೆ ಕೊಟ್ಟೆ. ಅವಳೇ, "ಹೋಗಿ ಬರ್ರಿ ಅತ್ತಿ, ನಾ ಅದೀನಿ," ಎಂದಳು. ಇವರು ಬಲಗೈಯನ್ನು ನನ್ನ ತಲೆಯ ಮೇಲೆ ಇಟ್ಟರು. ಎಲ್ಲರೆದುರು.

ಮಾರ್ಚ್ 8, ಶನಿವಾರ

ಕುಕನೂರಿನಲ್ಲಿ ಬಸ್ಸು ಬದಲಿಸಿ, ಕೊಪ್ಪಳದಲ್ಲಿ ಇನ್ನೊಂದು ಹಿಡಿದು, ಹಿಟ್ನಾಳ ದಾಟುವವರೆಗೂ ಅಕ್ಕನ ಮುಖವೇ ಕಣ್ಣ ಮುಂದಿತ್ತು. ಕಾಲುವೆಯ ನೀರು ಕಂಡ ಮೇಲೆ ಮನೆ ನೆನಪಾಯಿತು.

ಸುನಿತಾ ಬಾಗಿಲಲ್ಲೇ ನಿಂತಿದ್ದಳು. ಕೈ ಸೆರಗಿನಲ್ಲಿ.

"ಸಿಟ್ಟಾಗಬ್ಯಾಡ್ರಿ ಅತ್ತಿ. ನೀವು ಹೋದ ದಿನಾನ ಮಾವಾರು ಗಡಿಯಾರ ಇಸಕೊಂಡ್ರು. ನಾ ಕೊಡ್ರಿ ಅಂದ್ರ ಕೊಡಲಿಲ್ಲ. ಮೊನ್ನೆ ಮುಂಜಾನೆ ನಿಂತೈತ್ರಿ."

ಚೀಲ ಕೆಳಗಿಟ್ಟೆ. ಹುಡುಗಿಯ ಕಣ್ಣು ಕೆಂಪಾಗಿತ್ತು. "ನೀ ಉಂಡಿಯೇನು?" ಎಂದೆ. ಇಲ್ಲ ಎಂದು ತಲೆ ಆಡಿಸಿದಳು. "ಹೋಗು, ಉಣ್ಣು," ಎಂದು ಒಳಗೆ ಹೋದೆ.

ಇವರು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಎಡಗೈ ತೊಡೆಯ ಮೇಲೆ, ಅದರ ಮೇಲೆ ನಿಂತ ಗಡಿಯಾರ.

"ಕುಂದ್ರು," ಎಂದರು. ಕೂತೆ. ಬಲಗೈಯ ಉಗುರಿನಿಂದ ಬೆಲ್ಟಿನ ಸಂದಿ ಕೆರೆದು ನನಗೆ ತೋರಿಸಿದರು. ಬೆಳ್ಳಗಿನ ಪುಡಿ.

"ಜ್ವಾಳದ ಹಿಟ್ಟು. ಮೊದಲನೇ ವಾರದಾಗ ಗೊತ್ತಾಗಿತ್ತು ನನಗ. ಹಾಸಿಗ್ಯಾಗ ಮಲಕೊಂಡು ನಾನೇನು ರೊಟ್ಟಿ ಬಡದೀನೇನು?"

"ಗೊತ್ತಿದ್ದು ಯಾಕ ಸುಮ್ಕಿದ್ರಿ? ಯಾಕ ಆ ಚೆಂಡಿನ ಕೂಡ ಗುದ್ದಾಡಿದ್ರಿ?"

"ಸಣ್ಣಾಂವಿದ್ದಾಗ ಒಂದು ಸುಳ್ಳು ಹೇಳಿದ್ದಕ್ಕ ಮಗನ್ನ ಅಂಗಳದಾಗ ನಿಲ್ಲಿಸಿದಾಕಿ ನೀನು. ಅಂಥಾಕಿ ನನ್ನ ಸಲುವಾಗಿ ದಿನಾ ಒಂದು ಸುಳ್ಳು ಬಡಿಯಾಕತ್ತಿದ್ದಿ. ಭುಜಾ ಬಾಯಿ ಬಿಡತಿದ್ರೂ ಬಡಿಯಾಕತ್ತಿದ್ದಿ. ನಾ ಸುಮ್ಕ ಹೆಂಗ ಮಲಗಲಿ?"

ಸೆರಗಿನ ತುದಿಯಿಂದ ಬೆಲ್ಟಿನ ಹಿಟ್ಟು ಒರೆಸಿದೆ.

"ಮತ್ತ ಈಗ ಯಾಕ ನಿಲ್ಲಿಸಿದ್ರಿ ಅದನ್ನ?"

"ಅದರ ಹೊಟ್ಟ್ಯಾಗ ನಿಮ್ಮಿಬ್ಬರದು ತುಂಬಿತ್ತು. ಪೂರಾ ಖಾಲಿ ಆಗಲಿ ಅಂತ ಬಿಟ್ಟೆ. ಖಾಲಿ ಆದ್ರಲ್ಲ ಗೊತ್ತಾಗೂದು, ಯಾರ ಕೈಯಿಂದ ಸುರು ಆತು ಅಂತ."

ಹೇಳಿ ಉಸಿರು ಹಿಡಿದರು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು, ಸಹಾಯಕ್ಕೆ ಬರಬಾರದೆಂದು. ಕುತ್ತಿಗೆಯ ನರ ಉಬ್ಬಿತು. ಮೊದಲು ಭುಜ ಅಲುಗಿತು. ಆಮೇಲೆ ಮೊಣಕೈ. ಆಮೇಲೆ, ಇಷ್ಟು ದಿನ ಯಾರದೋ ವಸ್ತುವಿನಂತೆ ಬಿದ್ದಿದ್ದ ಆ ಕೈ ತೊಡೆಯಿಂದ ಮೇಲೆದ್ದಿತು. ಒಂದು ರೊಟ್ಟಿ ತೂರುವಷ್ಟು ಸಂದಿ, ಅಷ್ಟೇ. ಗಡಗಡ ನಡುಗಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಬಿಗಿ ಹಿಡಿದೆ.

ಕೈ ಧೊಪ್ಪೆಂದು ಬಿತ್ತು. ಇಬ್ಬರೂ ಗಡಿಯಾರದ ಮೇಲೆ ಬಾಗಿದೆವು. ಬಾಗಿಲಲ್ಲಿ ಸುನಿತಾ ಎಂಜಲು ಕೈಯಲ್ಲೇ ಬಂದು ನಿಂತಿದ್ದಳು.

ಸೆಕೆಂಡಿನ ಮುಳ್ಳು ಅಲುಗಿತು. ಎದ್ದು ನಡೆಯಿತು. ಕೂಸು ಗೋಡೆ ಬಿಟ್ಟು ಹೆಜ್ಜೆ ಹಾಕಿದ ಹಾಗೆ, ಈಗ ಬೀಳುತ್ತದೆ, ಈಗ ಬೀಳುತ್ತದೆ ಅನ್ನುತ್ತಿರುವಾಗಲೇ ಇನ್ನೂ ಸ್ವಲ್ಪ ನಡೆಯಿತು. ಆ ಮುಳ್ಳಿನ ಹಿಂದೆ ಇದ್ದುದು ನನ್ನದಲ್ಲ, ಸುನಿತಾಳದಲ್ಲ. ಇವರದು. ಎಷ್ಟು ಕೊಟ್ಟಿದ್ದರೋ ಅಷ್ಟು.

ನಿಂತಿತು.

ಇವರು ಮತ್ತೆ ಎತ್ತಿದರು.